ನೀಸ್‌ನಲ್ಲಿ ಬಿಡಾರ, ರೈಲಿನಲ್ಲಿ ರಿವಿಯೇರಾ

ಫ್ರಾನ್ಸಿನ ದಕ್ಷಿಣ ಕರಾವಳಿಯಾದ ರಿವಿಯೇರಾ ಎಂದರೆ ವಿಹಾರನೌಕೆ, ಕ್ಯಾಸಿನೊ, ಸಿನಿಮಾದವರ ಕೆಂಪುಹಾಸು ಇವೇ ಕಣ್ಣಮುಂದೆ ಬರುತ್ತವೆ, ಅವುಗಳ ಬೆನ್ನಿಗೇ ಖರ್ಚಿನ ಭಯ. ಆ ಭಯಕ್ಕೆ ಎಷ್ಟೋ ಕುಟುಂಬಗಳು ಪ್ಯಾರಿಸ್, ಸ್ವಿಟ್ಜರ್ಲೆಂಡ್ ಮುಗಿಸಿ ಇತ್ತ ತಲೆ ಹಾಕದೆ ಊರಿಗೆ ಮರಳುತ್ತವೆ. ಇನ್ನು ಕೆಲವರು ಟೂರ್ ಬಸ್ಸಿನಿಂದ ಮೊನಾಕೊ ಕ್ಯಾಸಿನೊ ಎದುರು ಅರ್ಧ ಗಂಟೆ ಇಳಿದು, ಫೋಟೊ ತೆಗೆದುಕೊಂಡು ಮತ್ತೆ ಬಸ್ ಹತ್ತುತ್ತಾರೆ. ಎರಡೂ ನಷ್ಟವೇ. ಈ ತೀರದಲ್ಲಿ ದುಬಾರಿ ಆಗಿರುವುದು ಹಡಗು, ಬಂಗಲೆ, ಹೋಟೆಲು. ಕಡಲು ಮಾತ್ರ ಎಲ್ಲರದು. ಕಡಲತೀರಕ್ಕೆ ಜನರ ಪ್ರವೇಶ ಮುಕ್ತವಾಗಿರಬೇಕು ಎಂದು ಫ್ರಾನ್ಸಿನ 1986ರ ಕರಾವಳಿ ಕಾಯಿದೆ ಹೇಳುತ್ತದೆ. ಕೋಟ್ಯಧಿಪತಿಗಳ ಬಂಗಲೆಗಳ ಬೇಲಿಗೂ ನೀರಿಗೂ ನಡುವೆ ಸಾರ್ವಜನಿಕ ಕಾಲುದಾರಿ ಮೈಲುಗಟ್ಟಲೆ ಸಾಗುತ್ತದೆ. ಊರಿಂದೂರಿಗೆ ರೈಲಿದೆ. ನೀಸ್‌ನಲ್ಲಿ ಒಂದೇ ಕಡೆ ಬಿಡಾರ ಮಾಡಿ, ದಿನಕ್ಕೊಂದು ಊರಿನಂತೆ ರೈಲಿನಲ್ಲಿ ಹೋಗಿ ಬಂದರೆ ಮಧ್ಯಮ ವರ್ಗದ ಜೇಬಿಗೂ ಈ ಕರಾವಳಿ ದಕ್ಕುತ್ತದೆ. ಮುಂದೆ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ಯಾವಾಗ ಹೋಗಬೇಕು

ಇಲ್ಲಿನ ದೊಡ್ಡ ಹೋಟೆಲುಗಳನ್ನು ಕಟ್ಟಿದ್ದೇ ಚಳಿಗಾಲಕ್ಕಾಗಿ. 1864ರಲ್ಲಿ ನೀಸ್‌ಗೆ ರೈಲು ಬಂತು. ಲಂಡನ್ನಿನ ಮಂಜು, ರಷ್ಯಾದ ಹಿಮ ತಪ್ಪಿಸಿಕೊಂಡು ಶ್ರೀಮಂತರು ನವೆಂಬರ್‌ನಲ್ಲಿ ಬಂದು ವಸಂತ ಮುಗಿಯುವ ಹೊತ್ತಿಗೆ ಹೊರಡುತ್ತಿದ್ದರು. ಬಿಸಿಲಿಗೆ ಮೈಯೊಡ್ಡುವ ಬೇಸಿಗೆಯ ಖಯಾಲಿ ಶುರುವಾದದ್ದು 1920ರ ದಶಕದಲ್ಲಿ. 2021ರಲ್ಲಿ ಯುನೆಸ್ಕೊ ನೀಸ್ ನಗರವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದೂ ಚಳಿಗಾಲದ ವಿಹಾರಧಾಮ ಎಂದೇ. ಆದ್ದರಿಂದ ಫೆಬ್ರವರಿಯಲ್ಲಿ ಹೋದರೆ ತಪ್ಪು ಕಾಲಕ್ಕೆ ಹೋದಿರಿ ಎಂದು ಯಾರೂ ಹೇಳಲಾರರು. ನೀಸ್‌ನ ಕಾರ್ನಿವಲ್, ಮಾಂತೋಂ ಊರಿನ ನಿಂಬೆ ಉತ್ಸವ ಎರಡೂ ಫೆಬ್ರವರಿಯಲ್ಲೇ ನಡೆಯುತ್ತವೆ. ಆ ದಿನಗಳಲ್ಲಿ ಕೋಣೆಗಳ ಬಾಡಿಗೆ ಏರುತ್ತದೆ, ಉಳಿದ ಚಳಿಗಾಲವೆಲ್ಲ ಅಗ್ಗ.

ಕಡಲಿಗೆ ಇಳಿಯಲೇಬೇಕು ಎನ್ನುವವರಿಗೆ ಸೆಪ್ಟೆಂಬರ್ ಉತ್ತಮ. ಜುಲೈ–ಆಗಸ್ಟ್‌ನಲ್ಲಿ ನೀರು 24–25 ಡಿಗ್ರಿ ಇರುತ್ತದೆ, ಸೆಪ್ಟೆಂಬರ್‌ನಲ್ಲೂ ಸುಮಾರು 23 ಇರುತ್ತದೆ, ಅಷ್ಟು ಹೊತ್ತಿಗೆ ಜನ ಕರಗಿರುತ್ತಾರೆ. ಮೇ ತಿಂಗಳಲ್ಲಿ ಗಾಳಿ ಹಿತವಾಗಿದ್ದರೂ ನೀರು 17–18 ಡಿಗ್ರಿ ಮಾತ್ರ. ಮುರುಡೇಶ್ವರ, ಮಲ್ಪೆಯ ಬೆಚ್ಚನೆಯ ನೀರಿಗೆ ಒಗ್ಗಿದವರಿಗೆ ಮೊಣಕಾಲು ಮುಳುಗುವಷ್ಟರಲ್ಲಿ ಸಾಕೆನಿಸುತ್ತದೆ.

ಮಕ್ಕಳ ಶಾಲೆ ನೋಡಿಕೊಂಡು ಹೊರಡುವವರಿಗೆ ಏಪ್ರಿಲ್ ಕೊನೆಯ ವಾರ ಮತ್ತು ಮೇ ಮೊದಲ ವಾರ ಒಳ್ಳೆಯದು. ಮೇ ನಡುವಿನಲ್ಲಿ ಕಾನ್ ಚಿತ್ರೋತ್ಸವ ಶುರುವಾಗುತ್ತದೆ. ಮೊನಾಕೊ ಗ್ರಾನ್ ಪ್ರಿ ಕಾರ್ ರೇಸು ಮೊದಲು ಮೇ ಕೊನೆಗೆ ನಡೆಯುತ್ತಿತ್ತು, 2026ರಿಂದ ಜೂನ್ ಮೊದಲ ವಾರಾಂತ್ಯಕ್ಕೆ ಹೋಗಿದೆ. ಈ ಎರಡು ದಿನಾಂಕಗಳನ್ನು ನೋಡದೆ ಟಿಕೆಟ್ ಕೊಂಡವರು ನೀಸ್‌ನ ಸಾಧಾರಣ ಕೋಣೆಗೂ ಎರಡು ಮೂರು ಪಟ್ಟು ತೆರಬೇಕಾಗುತ್ತದೆ. ಇನ್ನೊಂದು ತೊಡಕೂ ಇದೆ. ಮೊನಾಕೊದ ರೇಸಿನ ದಾರಿ ಎಂದರೆ ಊರಿನ ಮಾಮೂಲಿ ಬೀದಿಗಳೇ. ಅದಕ್ಕೆ ತಡೆಬೇಲಿ, ಪ್ರೇಕ್ಷಕರ ಅಟ್ಟಣೆ ಕಟ್ಟಲು ವಾರಗಳೇ ಹಿಡಿಯುತ್ತವೆ. ರೇಸಿಗೆ ಹದಿನೈದು ದಿನ ಮೊದಲು ಹೋದರೂ ಬಂದರಿನ ನೋಟಕ್ಕೆ ಕಬ್ಬಿಣದ ಚೌಕಟ್ಟು ಅಡ್ಡ ಬರುತ್ತದೆ.

ದಸರಾ ರಜೆಗೆ ಹೋಗುವವರು ಮಳೆಯ ವಿಷಯ ತಿಳಿದಿರಬೇಕು. ಬೇಸಿಗೆಯಿಡೀ ಕಾದ ಮೆಡಿಟರೇನಿಯನ್ ಸಮುದ್ರದಿಂದ ತೇವ ಹೊತ್ತ ಗಾಳಿ ನೇರ ಹಿಂದಿನ ಆಲ್ಪ್ಸ್ ಬೆಟ್ಟಗಳಿಗೆ ಬಡಿಯುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಕೆಲವೇ ಗಂಟೆಗಳಲ್ಲಿ ತಿಂಗಳ ಮಳೆ ಸುರಿದುಬಿಡುವುದುಂಟು. 2015ರ ಅಕ್ಟೋಬರ್ 3ರ ರಾತ್ರಿ ಕಾನ್ ಸುತ್ತಮುತ್ತ ಬಂದ ಪ್ರವಾಹದಲ್ಲಿ ಸುಮಾರು 20 ಜನ ತೀರಿಕೊಂಡರು, ಅವರಲ್ಲಿ ಕೆಲವರು ನೆಲಮಾಳಿಗೆಯ ಪಾರ್ಕಿಂಗ್‌ಗೆ ಕಾರು ತೆಗೆಯಲು ಇಳಿದವರು. ಫ್ರಾನ್ಸಿನ ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಕಣಿವೆ, ಸುರಂಗದಾರಿ, ನೆಲಮಾಳಿಗೆ ಯಾವುದರ ಕಡೆಗೂ ಹೋಗಬೇಡಿ. ಮ್ಯೂಸಿಯಂ ನೋಡಿಕೊಂಡು ಊರೊಳಗೇ ಇದ್ದುಬಿಡಿ.

ವೀಸಾ, ವಿಮಾನ, ಚೀಲದಲ್ಲಿ ಏನಿರಬಾರದು

ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾ. ಹೆಚ್ಚು ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಫ್ರಾನ್ಸಿನದಾದರೆ ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45, ಅದರ ಮೇಲೆ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಬೇಸಿಗೆ ರಜೆಯವರು ಮಾರ್ಚ್‌ವರೆಗೆ ಕಾದು ಕೂತರೆ ಅಪಾಯಿಂಟ್‌ಮೆಂಟೇ ಸಿಗದೆ ಒದ್ದಾಡಬೇಕಾಗುತ್ತದೆ. ಜನವರಿಯಲ್ಲೇ ಕೆಲಸ ಮುಗಿಸಿಕೊಳ್ಳಿ. ಮೊನಾಕೊ ಬೇರೆ ದೇಶವಾದರೂ ಗಡಿಯಲ್ಲಿ ತಪಾಸಣೆ ಇಲ್ಲ, ಷೆಂಗೆನ್ ವೀಸಾವೇ ಸಾಕು. ಒಂದೇ ಪ್ರವೇಶದ ವೀಸಾ ಇದ್ದವರೂ ಧೈರ್ಯವಾಗಿ ಹೋಗಿಬರಬಹುದು.

ಬೆಂಗಳೂರಿನಿಂದ ನೀಸ್‌ಗೆ ನೇರ ವಿಮಾನವಿಲ್ಲ. ದುಬೈ, ದೋಹಾ ಮೂಲಕ ಬಂದರೆ ವಲಸೆ ತಪಾಸಣೆ ನೀಸ್‌ನಲ್ಲೇ ಆಗುತ್ತದೆ. ಪ್ಯಾರಿಸ್, ಫ್ರಾಂಕ್‌ಫರ್ಟ್ ಮೂಲಕವಾದರೆ ಅಲ್ಲೇ ಮುಗಿಸಿಕೊಂಡು ಮುಂದಿನ ವಿಮಾನ ಹಿಡಿಯಬೇಕು. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಮೊದಲ ಸಲ ಬರುವವರ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ಪದ್ಧತಿ ಬಂದಿದೆ, ಸಾಲು ನಿಧಾನ. ನಡುವೆ ಒಂದೂವರೆ ಗಂಟೆ ಬಿಡುವಿರುವ ಟಿಕೆಟ್ ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡಿ, ಮೂರು ಗಂಟೆ ಇರಲಿ.

ಊರಿನಿಂದ ತಿಂಡಿ ಕಟ್ಟಿಕೊಳ್ಳುವವರಿಗೆ ಒಂದು ಮಾತು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪದ ಡಬ್ಬಿ, ಧಾರವಾಡ ಪೇಡ, ಬೆಳಗಾವಿ ಕುಂದಾ ಇವೆಲ್ಲ ಕಸ್ಟಮ್ಸ್‌ನವರ ಕಣ್ಣಿಗೆ ಬಿದ್ದರೆ ಕಸದ ಬುಟ್ಟಿಗೆ ಹೋಗುತ್ತವೆ. ಹಸಿ ಕರಿಬೇವು, ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಅವಲಕ್ಕಿ, ರವೆ, ಒಣ ಸಾರಿನಪುಡಿಗೆ ತೊಂದರೆ ಇಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಗೂಡಿಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕೇ ಬೇಕು. ವೋಲ್ಟೇಜು ನಮ್ಮಂತೆಯೇ 230.

ವಿಮಾನ ನಿಲ್ದಾಣದಿಂದ ಊರಿಗೆ

ಎರಡು ಟರ್ಮಿನಲ್‌ಗಳ ಬಾಗಿಲಿಗೇ ಟ್ರಾಮ್ 2 ಬರುತ್ತದೆ. ಊರ ನಡುವಿನ ಜಾನ್ ಮೆದ್ಸ್ಯಾಂ ನಿಲ್ದಾಣದ ಮೂಲಕ ಅದು ಬಂದರಿನವರೆಗೆ ಹೋಗುತ್ತದೆ. ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ ಟಿಕೆಟ್ಟು ಮಾಮೂಲಿ ಟ್ರಾಮ್ ಟಿಕೆಟ್ಟಿಗಿಂತ ದುಬಾರಿ, ಯಂತ್ರದಲ್ಲಿ ಬೇರೆಯೇ ಆಯ್ಕೆ ಇರುತ್ತದೆ. ಮಾಮೂಲಿ ಟಿಕೆಟ್ ಹಿಡಿದು ಹತ್ತಿದರೆ ದಂಡ. ಆದರೆ ಎರಡೂ ಟರ್ಮಿನಲ್‌ಗಳಿಂದ ಗ್ರಾಂಡ್ ಅರೆನಾಸ್ ನಿಲ್ದಾಣದವರೆಗೆ ಅದೇ ಟ್ರಾಮ್ ಉಚಿತ. ಅಲ್ಲಿಂದ ಕೆಲವು ನಿಮಿಷ ನಡೆದರೆ ನೀಸ್ ಸೇಂಟ್ ಅಗಸ್ಟಿನ್ ರೈಲು ನಿಲ್ದಾಣ. ಆಂತೀಬ್, ಕಾನ್, ಮೊನಾಕೊ ಯಾವ ಕಡೆಯ ಲೋಕಲ್ ರೈಲೂ ಅಲ್ಲಿ ಸಿಗುತ್ತದೆ. ಎರಡು ಚಕ್ರದ ಪೆಟ್ಟಿಗೆ ಒಂದೇ ಇದ್ದರೆ ಈ ದಾರಿಯೇ ಲೇಸು. ನಾಲ್ಕು ಜನ, ಐದು ಪೆಟ್ಟಿಗೆ ಆದರೆ ಟ್ರಾಮಿನಲ್ಲೇ ನೇರ ಹೋಗಿ.

ಬಿಡಾರಕ್ಕೆ ನೀಸ್‌ನ ಮುಖ್ಯ ರೈಲು ನಿಲ್ದಾಣಕ್ಕೂ ಜಾನ್ ಮೆದ್ಸ್ಯಾಂ ಬೀದಿಗೂ ನಡುವಿನ ಜಾಗ ಅನುಕೂಲ. ನಿಲ್ದಾಣದ ಎದುರಿನ ಓಣಿಗಳು ರಾತ್ರಿ ಹೊತ್ತು ಅಷ್ಟು ಚೆನ್ನಾಗಿರುವುದಿಲ್ಲ, ಕಡಲ ಕಡೆಗೆ ಐದಾರು ನಿಮಿಷ ದೂರದಲ್ಲಿ ಹುಡುಕಿ. ಹಳೇ ಊರಿನ ಓಣಿಗಳು ನೋಡಲು ಬಲು ಚೆಂದ, ಇರಲು ಕಷ್ಟ. ಐದಂತಸ್ತಿನ ಮನೆಗೆ ಲಿಫ್ಟಿಲ್ಲ, ಕೆಳಗೆ ಹೋಟೆಲುಗಳ ಗದ್ದಲ ನಡುರಾತ್ರಿಯವರೆಗೆ. ಬಾಡಿಗೆಮನೆ ಗೊತ್ತುಮಾಡುವಾಗ ಮೂರು ವಿಷಯ ಕೇಳಿ: ಲಿಫ್ಟ್ ಇದೆಯೇ, ಎಸಿ ಇದೆಯೇ, ಅಡುಗೆಮನೆಯಲ್ಲಿ ಒಲೆ ಇದೆಯೇ. ಅಲ್ಲಿ ಮೊದಲನೆಯ ಮಹಡಿ ಎಂದರೆ ನೆಲಮಹಡಿಯ ಮೇಲಿನದು. ತಲೆಗಿಷ್ಟು ಎಂದು ಪ್ರತಿ ರಾತ್ರಿಗೆ ಊರಿನ ತೆರಿಗೆ ಬೇರೆ ಸೇರುತ್ತದೆ.

ರೈಲು

ಈ ಪ್ರವಾಸದ ಬೆನ್ನೆಲುಬು ಇದೇ. ಪಶ್ಚಿಮಕ್ಕೆ ಕಾನ್, ಪೂರ್ವಕ್ಕೆ ಇಟಲಿಯ ವೆಂಟಿಮಿಲ್ಯಾ, ನಡುವೆ ನೀಸ್. ಝೂ ಎಂಬ ಹೆಸರಿನಡಿ ಓಡುವ ಪ್ರಾದೇಶಿಕ ರೈಲುಗಳು ಹಗಲೆಲ್ಲ ಅರ್ಧ ಗಂಟೆಗೊಂದಾದರೂ ಇರುತ್ತವೆ. ನೀಸ್‌ನಿಂದ ವಿಲ್‌ಫ್ರಾಂಶ್‌ಗೆ ಹತ್ತು ನಿಮಿಷವೂ ಬೇಡ, ಮೊನಾಕೊಗೆ 25 ನಿಮಿಷದೊಳಗೆ, ಮಾಂತೋಂಗೆ ಸುಮಾರು 40, ಆಂತೀಬ್‌ಗೆ 20–30, ಕಾನ್‌ಗೆ 30–40. ಆಸನ ಕಾಯ್ದಿರಿಸುವ ಪದ್ಧತಿ ಇಲ್ಲ. ಆದ್ದರಿಂದ ಮೊದಲೇ ಟಿಕೆಟ್ ಕೊಳ್ಳಬೇಕೆಂದಿಲ್ಲ, ಆದರೆ ಹತ್ತುವ ಮುಂಚೆ ಕೈಯಲ್ಲಿರಲೇಬೇಕು. ಬೇಸಿಗೆಯ ಬೆಳಿಗ್ಗೆ ಯಂತ್ರದ ಮುಂದೆ ಉದ್ದದ ಸಾಲಿರುತ್ತದೆ, ಫೋನಿನಲ್ಲಿ ಕೊಂಡುಕೊಳ್ಳುವುದೇ ಸುಲಭ.

ಪೂರ್ವಕ್ಕೆ ಹೋಗುವಾಗ ಬಲಗಡೆಯ ಕಿಟಕಿ, ಪಶ್ಚಿಮಕ್ಕೆ ಹೋಗುವಾಗ ಎಡಗಡೆಯದು. ಕಡಲು ಆ ಬದಿಗೇ ಇರುತ್ತದೆ. ಎರಡು ಸುರಂಗಗಳ ನಡುವೆ ವಿಲ್‌ಫ್ರಾಂಶ್ ಕೊಲ್ಲಿ ಒಮ್ಮೆಲೇ ತೆರೆದುಕೊಳ್ಳುವ ಆ ಕ್ಷಣಕ್ಕಾದರೂ ಫೋನು ಕೆಳಗಿಡಿ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಮೊನಾಕೊ ಎಂದು ದೊಡ್ಡದಾಗಿ ಇರುವುದಿಲ್ಲ, ರೈಲಿನ ಕೊನೆಯ ನಿಲ್ದಾಣದ ಹೆಸರಷ್ಟೇ ಇರುತ್ತದೆ. ವೆಂಟಿಮಿಲ್ಯಾ ಅಥವಾ ಮಾಂತೋಂ ಎಂದಿದ್ದರೆ ಅದೇ ನಿಮ್ಮ ರೈಲು. ಕಾನ್, ಗ್ರಾಸ್, ಮಾರ್ಸೆ ಎಂದಿದ್ದರೆ ಎದುರು ದಿಕ್ಕಿನದು.

ರೈಲು ಪ್ರಯಾಣ ಕೆಡುವುದು ಎರಡು ಕಾರಣಕ್ಕೆ. ಒಂದು ಮುಷ್ಕರ. ಮುಂಚಿನ ದಿನ ಸಂಜೆಗೆ ಯಾವ ರೈಲು ಓಡುತ್ತದೆ ಎಂಬ ಪಟ್ಟಿ ಆ್ಯಪ್‌ನಲ್ಲಿ ಬಂದಿರುತ್ತದೆ, ಮಲಗುವ ಮುನ್ನ ನೋಡಿಕೊಳ್ಳಿ. ಇನ್ನೊಂದು ಜೇಬುಗಳ್ಳತನ. ಬಾಗಿಲು ಮುಚ್ಚುವ ಹೊತ್ತಿಗೆ ಬಾಗಿಲ ಬಳಿಯೇ ನೂಕುನುಗ್ಗಲು ಎಬ್ಬಿಸಿ ಕೈಚಳಕ ತೋರಿಸುತ್ತಾರೆ. ಪಾಸ್‌ಪೋರ್ಟು ಒಳಜೇಬಿನಲ್ಲಿರಲಿ, ಬೆನ್ನುಚೀಲ ಎದೆಗೆ ಬರಲಿ. ಪಾಸ್‌ಪೋರ್ಟನ್ನು ಕೋಣೆಯಲ್ಲಿ ಬಿಟ್ಟು ಹೋಗುವ ಹಾಗೂ ಇಲ್ಲ. ಇಟಲಿಯಿಂದ ಮರಳುವ ರೈಲುಗಳನ್ನು ಮಾಂತೋಂ ಗರವಾನ್ ನಿಲ್ದಾಣದಲ್ಲಿ ನಿಲ್ಲಿಸಿ ಫ್ರೆಂಚ್ ಪೊಲೀಸರು ದಾಖಲೆ ಕೇಳುತ್ತಾರೆ.

ಕರಾವಳಿಯ ಮೇಲಿನ ರಸ್ತೆಯಲ್ಲಿ ಬಂದರಿನ ಬಳಿಯಿಂದ 607 ನಂಬರಿನ ಬಸ್ಸೂ ಮೊನಾಕೊ, ಮಾಂತೋಂಗೆ ಹೋಗುತ್ತದೆ. ಎತ್ತರದಿಂದ ಕಾಣುವ ನೋಟ ರೈಲಿಗಿಂತ ಮೇಲು. ಆದರೆ ಬೇಸಿಗೆ ಸಂಜೆ ಮೊನಾಕೊದಲ್ಲಿ ತುಂಬಿದ ಬಸ್ಸು ನಿಲ್ಲಿಸದೇ ಹೋಗಿಬಿಡುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಸಂಜೆ ರೈಲಿನಲ್ಲಿ ಬನ್ನಿ. ಕಾರು ಬಾಡಿಗೆಗೆ ಪಡೆಯುವುದು ಇಲ್ಲಿ ದಂಡ ಎಂದೇ ನಮ್ಮ ಅಭಿಪ್ರಾಯ. ಬೆಟ್ಟದ ಇಕ್ಕಟ್ಟು ತಿರುವು, ಗಂಟೆಗೆ ಇಷ್ಟೆಂದು ಪಾರ್ಕಿಂಗ್, ಹೆದ್ದಾರಿಯಲ್ಲಿ ಸುಂಕ.

ಕಲ್ಲಿನ ತೀರ

ನೀಸ್‌ನ ಬೀಚಿನಲ್ಲಿ ಮರಳಿಲ್ಲ. ಸುಮಾರು ಏಳು ಕಿಲೋಮೀಟರ್ ಉದ್ದದ ಪ್ರಾಮನಾದ್ ದೇ ಆಂಗ್ಲೆ ದಾರಿಯ ಕೆಳಗೆ ಇರುವುದೆಲ್ಲ ಬೂದುಬಣ್ಣದ ಉರುಟು ಕಲ್ಲು, ಮುಷ್ಟಿಗಾತ್ರದ್ದು, ಅದಕ್ಕೂ ದೊಡ್ಡದು. ಬರಿಗಾಲಲ್ಲಿ ಹತ್ತು ಹೆಜ್ಜೆ ಇಡುವುದೂ ಯಾತನೆ. ಮಧ್ಯಾಹ್ನ ಕಾದಿರುತ್ತವೆ ಬೇರೆ. ರಬ್ಬರ್ ತಳದ ನೀರಿನ ಬೂಟು ಊರಿಂದಲೇ ತೆಗೆದುಕೊಂಡು ಹೋಗಿ, ಕೂರಲು ದಪ್ಪ ಚಾಪೆ ಇರಲಿ. ತೆಳು ಟವೆಲ್ಲು ಉಪಯೋಗಕ್ಕಿಲ್ಲ. ಈ ಕಲ್ಲಿನಿಂದ ಒಂದು ಲಾಭವೂ ಇದೆ: ಕದಡುವ ಮರಳಿಲ್ಲದ್ದರಿಂದ ನೀರು ತಿಳಿಯಾಗಿರುತ್ತದೆ, ಆ ನೀಲಿ ಅಷ್ಟು ಗಾಢವಾಗಿ ಕಾಣಲು ಅದೂ ಕಾರಣ.

ಮಕ್ಕಳಿರುವವರು ಗಮನಿಸಬೇಕಾದದ್ದು ಆಳ. ನಾಲ್ಕೈದು ಹೆಜ್ಜೆಗೇ ನೆಲ ಜಾರಿ ಕಾಲು ನಿಲುಕದಾಗುತ್ತದೆ. ಮೆಡಿಟರೇನಿಯನ್ನಿನಲ್ಲಿ ಉಬ್ಬರವಿಳಿತ ಬಲು ಕಡಿಮೆ, ಆದ್ದರಿಂದ ಇಳಿತದ ಹೊತ್ತಿಗೆ ಆಡಲು ಅಗಲವಾದ ಮಟ್ಟಸ ಜಾಗ ಬಿಟ್ಟುಕೊಡುವ ಸಮುದ್ರ ಇದಲ್ಲ. ಅಲೆ ಸ್ವಲ್ಪ ಎದ್ದ ದಿನ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಹಿಂದೆ ಸರಿಯುವ ನೀರು ಕಾಲಡಿಯ ಕಲ್ಲುಗಳನ್ನು ಎಳೆದುಕೊಂಡು ಹೋಗುತ್ತದೆ, ಬಿದ್ದವರನ್ನು ಮುಂದಿನ ಅಲೆ ಮತ್ತೆ ಉರುಳಿಸುತ್ತದೆ. ಒಂದು ಅಲೆ ಒಡೆದ ಕೂಡಲೇ ಅದರ ಬೆನ್ನಿಗೆ ನಿಲ್ಲದೆ ದಡ ಹತ್ತಿಬಿಡಬೇಕು. ಬೇಕಿದ್ದರೆ ಕೈಯೂರಿ ತೆವಳಿ, ನಾಚಿಕೆ ಪಡುವ ಅಗತ್ಯವಿಲ್ಲ. ಕೆಂಪು ಬಾವುಟ ಹಾರಿಸಿದ್ದರೆ ನೀರಿಗೆ ಇಳಿಯುವುದು ನಿಷಿದ್ಧ.

ಪುಟ್ಟ ಮಕ್ಕಳಿಗೆ ವಿಲ್‌ಫ್ರಾಂಶ್ ಒಳ್ಳೆಯದು. ರೈಲಿನಿಂದ ಇಳಿದು ಮೆಟ್ಟಿಲು ಇಳಿದರೆ ಮರೀನಿಯೆರ್ ಬೀಚು. ಮರಳು ದಪ್ಪದ್ದಾದರೂ ಮರಳೇ, ಕೊಲ್ಲಿಯ ಒಳಗಾದ್ದರಿಂದ ಅಲೆಯೂ ಕಡಿಮೆ. ನಯವಾದ ಮರಳೇ ಬೇಕೆಂದರೆ ಆಂತೀಬ್‌ನ ಗ್ರಾವೆತ್, ಕಾನ್‌ನ ಬೀಚುಗಳು. ನೀಸ್‌ನ ಖಾಸಗಿ ಬೀಚುಗಳಲ್ಲಿ ಛತ್ರಿ, ಒರಗುಕುರ್ಚಿಗೆ ದಿನಕ್ಕೆ 25–40 ಯೂರೋ ಕೇಳುತ್ತಾರೆ. ಅವುಗಳ ಪಕ್ಕದಲ್ಲೇ ಸಾರ್ವಜನಿಕ ಬೀಚು, ಸ್ನಾನದ ನಲ್ಲಿ ಸಮೇತ, ಬಿಟ್ಟಿ. ಅದೇ ಕಲ್ಲು, ಅದೇ ನೀರು.

ಕೆಲವು ಬೇಸಿಗೆಗಳಲ್ಲಿ ನೇರಳೆ ಬಣ್ಣದ ಜೆಲ್ಲಿಫಿಶ್ ಗುಂಪುಗಟ್ಟಿ ದಡಕ್ಕೆ ಬರುತ್ತವೆ. ಕುಟುಕಿದರೆ ಸಿಹಿನೀರು ಸುರಿಯಬಾರದು, ಉಜ್ಜಬಾರದು. ಎರಡರಿಂದಲೂ ಚರ್ಮಕ್ಕೆ ಅಂಟಿದ ವಿಷದ ಕಣಗಳು ಇನ್ನಷ್ಟು ಒಡೆಯುತ್ತವೆ. ಸಮುದ್ರದ ನೀರಿನಲ್ಲೇ ತೊಳೆದು, ಶೇವಿಂಗ್ ನೊರೆ ಹಚ್ಚಿ, ಹಳೇ ಬ್ಯಾಂಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಉಸಿರಾಟ ಕಷ್ಟವಾದರೆ 112ಕ್ಕೆ ಕರೆ ಮಾಡಿ. ಬೀಚು ಬಿಟ್ಟು ಬೀದಿಗೆ ಬರುವಾಗ ಗಂಡಸರು ಅಂಗಿ ಹಾಕಿಕೊಳ್ಳಲೇಬೇಕು. ಬರಿಮೈಯಲ್ಲಿ ಓಡಾಡುವುದು ಮೊನಾಕೊದಲ್ಲಿ, ಈ ತೀರದ ಬೇರೆ ಕೆಲವು ಊರುಗಳಲ್ಲೂ ದಂಡಾರ್ಹ.

ಊಟ

ಸಸ್ಯಾಹಾರಿಗಳಿಗೆ ಈ ಊರಿನ ದೊಡ್ಡ ಕೊಡುಗೆ ಸೊಕ್ಕಾ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಒಂದು ಪಾಲು ಹಿಟ್ಟಿಗೆ ತೂಕದಲ್ಲಿ ಎರಡು ಪಾಲು ನೀರು ಕಲೆಸಿ, ಕೆಲ ಗಂಟೆ ನೆನೆಯಲು ಬಿಟ್ಟು, ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಸೌದೆಯ ಒಲೆಯೊಳಗೆ ತಳ್ಳುತ್ತಾರೆ. ಮೇಲ್ಭಾಗ ಅಲ್ಲಲ್ಲಿ ಸೀಯುತ್ತದೆ, ಒಳಗೆ ಮೆತ್ತಗಿರುತ್ತದೆ, ಕೆರೆದು ಕಾಗದದಲ್ಲಿ ಹಾಕಿ ಕರಿಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ದಪ್ಪ ಕಡಲೆಹಿಟ್ಟಿನ ದೋಸೆ ತಿಂದವರಿಗೆ ಮೊದಲ ತುತ್ತಿಗೇ ಪರಿಚಯ ಹತ್ತುತ್ತದೆ. ತಟ್ಟೆ ಹೊರಗೆ ಬಂದ ಕೂಡಲೇ ತಿನ್ನಬೇಕು, ಆರಿದರೆ ಹಿಟ್ಟುಹಿಟ್ಟು. ಸಾಲು ಇರುವ ಅಂಗಡಿಯನ್ನೇ ಹುಡುಕಿ ನಿಲ್ಲಿ, ಅಲ್ಲಿ ಬಿಸಿಯದೇ ಸಿಗುತ್ತದೆ. ಅದೇ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಆರಿಸಿ, ಕತ್ತರಿಸಿ ಕರಿದರೆ ಪನೀಸ್. ಮೊನಾಕೊದ ಬಾರ್ಬಜುವಾನ್ ಕರಿದ ಕಡುಬಿನೊಳಗೆ ಸೊಪ್ಪು, ರಿಕೊಟ್ಟಾ ಚೀಸು ಇರುತ್ತದೆ.

ಮೋಸ ಹೋಗುವುದು ಸಸ್ಯಾಹಾರದಂತೆ ಕಾಣುವ ಪದಾರ್ಥಗಳಲ್ಲಿ. ಈರುಳ್ಳಿ ರಾಶಿ ಹಾಕಿದ ಪಿಸಲಾದಿಯೆರ್ ರೊಟ್ಟಿಯ ಮೇಲೆ ಆಂಚೊವಿ ಮೀನು ಇರುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದಂತೆ ಮೀನಿನ ಗೊಜ್ಜನ್ನು ಕೆಳಗೆ ಸವರಿರುತ್ತಾರೆ. ನಿಸ್ವಾಸ್ ಸಲಾಡ್, ಪಾನ್ ಬಾನ್ಯಾ ಬನ್ನು ಎರಡರಲ್ಲೂ ಟ್ಯೂನಾ ಅಥವಾ ಆಂಚೊವಿ. ಟೊಮೆಟೊ, ಕುಂಬಳದೊಳಗೆ ತುಂಬಿದ ಪೆತಿ ಫಾರ್ಸಿಯಲ್ಲಿ ಮಾಂಸ. ಬರಿದೇ ವೆಜಿಟೇರಿಯನ್ ಎಂದರೆ ಮೀನು ಪರವಾಗಿಲ್ಲ ಎಂದುಕೊಳ್ಳುವವರು ಇದ್ದಾರೆ. ‘ಸಾಂ ವ್ಯಾಂದ್, ಸಾಂ ಪ್ವಾಸೊಂ’, ಅಂದರೆ ಮಾಂಸ ಬೇಡ ಮೀನೂ ಬೇಡ ಎಂದು ಎರಡನ್ನೂ ಹೇಳಿ. ಅದಕ್ಕೂ ಮೊದಲು ‘ಬೊಂಜೂರ್’ ಹೇಳುವುದನ್ನು ಮರೆಯಬೇಡಿ. ನಮಸ್ಕಾರ ಹೇಳದೆ ನೇರ ಪ್ರಶ್ನೆ ಕೇಳುವುದು ಅಲ್ಲಿ ಒರಟುತನ, ಅದರ ಪರಿಣಾಮ ಉತ್ತರದಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನ ಎರಡು ದಾಟಿದರೆ ಹೆಚ್ಚಿನ ಅಡುಗೆಮನೆಗಳು ಮುಚ್ಚುತ್ತವೆ, ಮತ್ತೆ ತೆರೆಯುವುದು ಏಳರ ನಂತರ. ಮೂರೂವರೆಗೆ ಹಸಿದು ಹುಡುಕುವವರಿಗೆ ಸಿಗುವುದು ಪ್ರವಾಸಿಗರಿಗೆಂದೇ ಇರುವ ದುಬಾರಿ ಹೋಟೆಲು. ನೀರು ಕೇಳಿದರೆ ಬಾಟಲಿ ಬರುತ್ತದೆ, ‘ಕರಾಫ್ ದೋ’ ಎಂದರೆ ನಲ್ಲಿ ನೀರಿನ ಹೂಜಿ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ಆ ನೀರು ಕುಡಿಯಲು ಯೋಗ್ಯ. ಸೇವಾಶುಲ್ಕ ಬಿಲ್ಲಿನಲ್ಲೇ ಸೇರಿರುತ್ತದೆ. ಕಾರ್ಡ್ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಅವರ ಕೆಟ್ಟ ವಿನಿಮಯ ದರ ನಿಮ್ಮ ತಲೆಗೆ ಬರುತ್ತದೆ.

ಊರುಗಳು

ನೀಸ್‌ಗೆ ಎರಡು ದಿನ ಕೊಡಿ. ಬೆಳಿಗ್ಗೆ ಕೂರ್ ಸಲೆಯಾ ಹೂವು ತರಕಾರಿಯ ಸಂತೆ, ಸೋಮವಾರ ಮಾತ್ರ ಅಲ್ಲಿ ಹಳೇ ಸಾಮಾನುಗಳ ಸಂತೆ. ಕೋಟೆ ಗುಡ್ಡದ ಮೇಲೆ ಈಗ ಕೋಟೆ ಇಲ್ಲ, 1706ರಲ್ಲಿ ಹದಿನಾಲ್ಕನೇ ಲೂಯಿ ಅದನ್ನು ಕೆಡವಿಸಿದ. ಆದರೆ ಊರು, ಬಂದರು, ಕೊಲ್ಲಿ ಒಟ್ಟಿಗೇ ಕಾಣುವುದು ಅಲ್ಲಿಂದಲೇ. ಹತ್ತಲಾರದವರಿಗೆ ಉಚಿತ ಲಿಫ್ಟ್ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಫಿರಂಗಿ ಸದ್ದು ಕೇಳಿದರೆ ಗಾಬರಿ ಬೇಡ, ಅದು ನಿತ್ಯದ್ದು. ಚಿತ್ರಕಲಾವಿದರಾದ ಶಗಾಲ್, ಮಾತೀಸ್ ಅವರ ಹೆಸರಿನ ಮ್ಯೂಸಿಯಂಗಳು ಎರಡೂ ಮಂಗಳವಾರ ರಜೆ, ಆಂತೀಬ್‌ನ ಪಿಕಾಸೊ ಮ್ಯೂಸಿಯಂ ಸೋಮವಾರ ರಜೆ. 1946ರಲ್ಲಿ ಪಿಕಾಸೊ ಕೂತು ಚಿತ್ರ ಬರೆದ ಆ ಕೋಟೆಮನೆಯ ಕಿಟಕಿಯಿಂದ ಕಡಲು ಕೈಗೆಟುಕುವಂತಿದೆ. ಒಂದೇ ಮ್ಯೂಸಿಯಂ ನೋಡುವಿರಾದರೆ ಅದನ್ನೇ ನೋಡಿ.

ಮೊನಾಕೊ ಎರಡು ಚದರ ಕಿಲೋಮೀಟರಿಗಿಂತ ಚೂರು ದೊಡ್ಡದು. ರೈಲು ನಿಲ್ದಾಣ ಬಂಡೆಯೊಳಗಿದೆ, ಹೊರದಾರಿಗಳು ನಾಲ್ಕೈದು ದಿಕ್ಕಿಗಿವೆ. ತಪ್ಪು ಬಾಗಿಲಲ್ಲಿ ಹೊರಬಂದರೆ ಎರಡು ಅಂತಸ್ತು ಮೇಲಿನ ಬೀದಿಯಲ್ಲಿ ನಿಂತಿರುತ್ತೀರಿ. ಊರು ಕಡಿದಾದ ಇಳಿಜಾರಿನ ಮೇಲಿರುವುದರಿಂದ ಅಲ್ಲಲ್ಲಿ ಸಾರ್ವಜನಿಕ ಲಿಫ್ಟು, ಎಸ್ಕಲೇಟರ್ ಇಟ್ಟಿದ್ದಾರೆ, ಎಲ್ಲವೂ ಉಚಿತ. ಬೆಳಿಗ್ಗೆ ನೇರ ಅರಮನೆಯ ಬಂಡೆಗೆ ಹೋಗಿ, 11.55ಕ್ಕೆ ಕಾವಲುಗಾರರ ಬದಲಾವಣೆ ನೋಡಿ. ಅಲ್ಲೇ ಪಕ್ಕದಲ್ಲಿ 1910ರಲ್ಲಿ ಶುರುವಾದ ಸಾಗರ ವಿಜ್ಞಾನ ಮ್ಯೂಸಿಯಂ. ಮಕ್ಕಳಿದ್ದರೆ ಎರಡು ಗಂಟೆ ಬೇಕು. ಕ್ಯಾಸಿನೊ ಕಟ್ಟಡವನ್ನು ಬೆಳಿಗ್ಗೆ ಟಿಕೆಟ್ ಕೊಂಡು ನೋಡಬಹುದು. ಮಧ್ಯಾಹ್ನದ ನಂತರ ಆಟ ಶುರು, ಆಗ 18 ದಾಟಿದವರಿಗಷ್ಟೇ ಪ್ರವೇಶ, ಪಾಸ್‌ಪೋರ್ಟ್ ತೋರಿಸಬೇಕು, ಚಡ್ಡಿ ಚಪ್ಪಲಿ ನಡೆಯುವುದಿಲ್ಲ. ಮೊನಾಕೊದ ಸ್ವಂತ ಪ್ರಜೆಗಳಿಗೆ ಅಲ್ಲಿ ಜೂಜಾಡಲು ಅನುಮತಿಯೇ ಇಲ್ಲ. ಇನ್ನೊಂದು ಎಚ್ಚರಿಕೆ: ಮೊನಾಕೊ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಅದರ ಫೋನ್ ಜಾಲ ಬೇರೆ. ‘ಯುರೋಪ್’ ಎಂದು ಕೊಂಡ ಕೆಲವು ಸಿಮ್ ಯೋಜನೆಗಳಲ್ಲಿ ಮೊನಾಕೊ ಸೇರಿರುವುದಿಲ್ಲ. ಪಟ್ಟಿ ನೋಡಿ, ಇಲ್ಲದಿದ್ದರೆ ರೋಮಿಂಗ್ ಆಫ್ ಮಾಡಿ.

ಎಝ್ ಹಳ್ಳಿ ಸಮುದ್ರದಿಂದ 400 ಮೀಟರಿಗೂ ಮೇಲೆ ಬಂಡೆಯ ತುದಿಯಲ್ಲಿದೆ, ರೈಲು ನಿಲ್ದಾಣ ಕೆಳಗೆ ದಡದಲ್ಲಿದೆ. ನಕ್ಷೆಯಲ್ಲಿ ಎರಡೂ ಅಂಟಿಕೊಂಡಂತೆ ಕಾಣುವುದರಿಂದ ಬಹಳ ಜನ ರೈಲಿನಲ್ಲಿ ಬಂದು ಇಳಿದು ತಲೆಯೆತ್ತಿ ನೋಡಿ ಕಂಗಾಲಾಗುತ್ತಾರೆ. ನಡುವಿನ ಕಾಲುದಾರಿಗೆ ತತ್ತ್ವಜ್ಞಾನಿ ನೀತ್ಸೆಯ ಹೆಸರಿದೆ. ಹತ್ತಲು ಒಂದರಿಂದ ಒಂದೂವರೆ ಗಂಟೆ, ನೆರಳು ಕಡಿಮೆ, ಸಡಿಲ ಕಲ್ಲು. ನೀಸ್‌ನ ವೊಬಾಂ ನಿಲ್ದಾಣದಿಂದ 82 ನಂಬರಿನ ಬಸ್ಸಿನಲ್ಲಿ ಮೇಲೆ ಹೋಗಿ, ಕಾಲುದಾರಿಯಲ್ಲಿ ಇಳಿದು, ರೈಲಿನಲ್ಲಿ ಮರಳುವುದು ಜಾಣತನ. ಮೊಣಕಾಲು ನೋವಿರುವವರಿಗೆ ಇಳಿಯುವುದೂ ಬೇಡ. ಕಲ್ಲು ಕುಸಿದಾಗ ದಾರಿ ಮುಚ್ಚುತ್ತಾರೆ, ತುದಿಯಲ್ಲಿರುವ ಫಲಕ ನೋಡಿ.

ಬರಿ ನಡೆಯಲೆಂದೇ ಒಂದು ದಿನ ಇಟ್ಟುಕೊಳ್ಳಿ, ಕಡಲಿಗೆ ಚಾಚಿದ ಕಾಪ್ ಫೆರಾ ಭೂಶಿರಕ್ಕೆ. ಬೋಲ್ಯೂ ನಿಲ್ದಾಣದಿಂದ ಶುರುಮಾಡಿ ನೀರಂಚಿನಲ್ಲೇ ಸುತ್ತು ಹಾಕಿದರೆ ಅರ್ಧ ದಿನ. ಜಗತ್ತಿನ ಅತಿ ದುಬಾರಿ ಮನೆಗಳ ಹಿತ್ತಿಲಲ್ಲೇ ಈ ದಾರಿ ಸಾಗುತ್ತದೆ, ಟಿಕೆಟ್ ಇಲ್ಲ. ಜೋರು ಗಾಳಿಯ ದಿನ ಅಲೆ ದಾರಿಯ ಮೇಲೇ ಬಡಿಯುತ್ತದೆ, ಅಂದು ಹೋಗಬೇಡಿ. ಮಾಂತೋಂ ಅರ್ಧ ದಿನಕ್ಕೆ ಸಾಕು.

ಕಾನ್‌ನಲ್ಲಿ ಚಿತ್ರೋತ್ಸವದ ಮೆಟ್ಟಿಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಉತ್ಸವ ಇಲ್ಲದ ದಿನವೇ ಸರಿ. 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಇಲ್ಲಿನ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಗೆದ್ದಿತು, ಆ ಹೆಮ್ಮೆಯಿಂದ ಅಲ್ಲಿ ನಿಲ್ಲಬಹುದು. ಉತ್ಸವದ ಮುಖ್ಯ ಪ್ರದರ್ಶನಗಳಿಗೆ ಸಾರ್ವಜನಿಕರಿಗೆ ಟಿಕೆಟ್ ಮಾರುವುದಿಲ್ಲ, ಆದರೆ ರಾತ್ರಿ ಬೀಚಿನಲ್ಲಿ ಪರದೆ ಕಟ್ಟಿ ತೋರಿಸುವ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದು. ಕಾನ್‌ನಿಂದ ದೋಣಿಯಲ್ಲಿ ಹದಿನೈದು ನಿಮಿಷಕ್ಕೆ ಸೇಂಟ್ ಮಾರ್ಗರೀತ್ ದ್ವೀಪ: ಪೈನ್ ಮರಗಳ ನೆರಳು, ಹಳೇ ಸೆರೆಮನೆ, ತಿಳಿನೀರು. ಪೇಟೆಗಿಂತ ಅದೇ ಮೇಲು. ತಿಂಡಿ ಕಟ್ಟಿಕೊಂಡು ಹೋಗಿ, ಕೊನೆಯ ದೋಣಿಯ ಹೊತ್ತು ಕೇಳಿಟ್ಟುಕೊಳ್ಳಿ.

ಸೇಂಟ್ ಟ್ರೊಪೆಗೆ ರೈಲಿಲ್ಲ. ನೀಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಸೇಂಟ್ ರಫಾಯೆಲ್, ಅಲ್ಲಿಂದ ಬಸ್ಸು ಅಥವಾ ದೋಣಿ. ಜುಲೈ–ಆಗಸ್ಟ್‌ನಲ್ಲಿ ಆ ಒಂದೇ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಿರುತ್ತವೆ, ದೋಣಿ ಸುಮಾರು ಒಂದು ಗಂಟೆಗೆ ಮುಟ್ಟಿಸುತ್ತದೆ. ಮಂಗಳವಾರ, ಶನಿವಾರ ಬೆಳಿಗ್ಗೆ ಪ್ಲಾಸ್ ದೇ ಲಿಸ್ ಚೌಕದಲ್ಲಿ ಸಂತೆ. ಬಂದರಿನ ಕಟ್ಟೆಯ ಮೇಲೆ ನಿಂತಿರುವ ಕಂಚಿನ ಪ್ರತಿಮೆಯನ್ನು ವಿಹಾರನೌಕೆಗಳ ಗುಂಗಿನಲ್ಲಿ ಯಾರೂ ಗಮನಿಸುವುದಿಲ್ಲ. ಅದು ನೌಕಾಧಿಪತಿ ಸಫ್ರೆನ್‌ನದು. 1782ರಲ್ಲಿ ಬ್ರಿಟಿಷರ ವಿರುದ್ಧ ಬಂಗಾಳ ಕೊಲ್ಲಿಯಲ್ಲಿ ಹಡಗು ನಡೆಸಿ, ಕಡಲೂರಿನ ಬಳಿ ನಮ್ಮ ಹೈದರ್ ಅಲಿಯನ್ನು ಭೇಟಿಯಾದವನು ಇವನೇ. ಮಹಾರಾಜ ರಣಜಿತ್ ಸಿಂಗನ ಸೇನೆಯಲ್ಲಿ ಸೇನಾನಿಯಾಗಿದ್ದ ಅಲಾರ್ ಹುಟ್ಟಿದ್ದೂ ಇದೇ ಊರಿನಲ್ಲಿ, 1785ರಲ್ಲಿ. ಹಿಮಾಚಲದ ಚಂಬಾದ ಬನ್ನು ಪಾನ್ ದೇಯಿ ಎಂಬಾಕೆಯನ್ನು ಮದುವೆಯಾಗಿ ಅವನು ಆಕೆಯನ್ನು ಇಲ್ಲಿಗೇ ಕರೆತಂದ.

ಸಂಜೆ ಮರಳುವ ರೈಲಿನಲ್ಲಿ ಸೇಂಟ್ ರಫಾಯೆಲ್ ಬಿಟ್ಟ ಮೇಲೆ ಕಾನ್ ತಲುಪುವವರೆಗೆ ಬಲಗಡೆಯ ಕಿಟಕಿ ಹಿಡಿಯಿರಿ. ಎಸ್ತೆರೆಲ್ ಬೆಟ್ಟದ ಕೆಂಪು ಬಂಡೆಗಳು ನೇರ ನೀರಿಗೆ ಇಳಿಯುತ್ತವೆ.

ಊರಿಗೆ ಹೊರಡುವ ದಿನಕ್ಕೆ ಒಂದು ಕೆಲಸ ಉಳಿಯುತ್ತದೆ. ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿ ಕೊಂಡಿದ್ದರೆ ತೆರಿಗೆಯ ಒಂದು ಪಾಲು ವಾಪಸು ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಅರ್ಜಿ ಪಡೆದಿರಬೇಕು. ನೀಸ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮುಂಚೆ ಪಾಬ್ಲೊ ಎಂಬ ಯಂತ್ರದಲ್ಲಿ ಅದರ ಬಾರ್‌ಕೋಡ್ ತೋರಿಸಿ, ಹಸಿರು ಗುರುತು ಬರುವವರೆಗೆ ಕಾಯಿರಿ. ಕೆಂಪು ಬಂದರೆ ಕಸ್ಟಮ್ಸ್ ಕಿಂಡಿಗೆ ಹೋಗಿ ಸಾಮಾನು ತೋರಿಸಬೇಕಾಗುತ್ತದೆ, ಆದ್ದರಿಂದ ಕೊಂಡ ವಸ್ತು ಪೆಟ್ಟಿಗೆಯ ಮೇಲ್ಭಾಗದಲ್ಲೇ ಇರಲಿ.